ಒಂದೇ ನರ್ಸರಿಯ ಮೂರು ಅಂಜೂರದ ಗಿಡ, ಮೂರು ಊರು

2022ರ ಜೂನ್‌ನಲ್ಲಿ ಹೊಸಕೋಟೆ ಕಡೆಯ ಒಂದು ನರ್ಸರಿಯಿಂದ ಪೂನಾ ಅಂಜೂರದ ಮೂರು ಗಿಡ ತಂದೆ. ಒಂದಕ್ಕೆ 180 ರೂಪಾಯಿ. ಒಂದು ಬೆಂಗಳೂರಿನ ನಮ್ಮ ತಾರಸಿಗೆ, ಒಂದು ಬಳ್ಳಾರಿ ಹತ್ತಿರದ ಹಳ್ಳಿಯಲ್ಲಿರುವ ಅತ್ತೆಯ ಹಿತ್ತಲಿಗೆ, ಇನ್ನೊಂದು ಶಿರಸಿಯ ಅಣ್ಣನ ಮನೆಗೆ. ಮೂರು ವರ್ಷ ನೋಡಿದ ಮೇಲೆ ಬರೆಯುತ್ತಿದ್ದೇನೆ. ಹಣ್ಣಿನ ಗಿಡದ ಬಗ್ಗೆ ಒಂದೇ ತಿಂಗಳಿಗೆ ಬರೆದರೆ ಏನೂ ಗೊತ್ತಾಗುವುದಿಲ್ಲ, ಅಲ್ವಾ?

ಗಿಡ ಕೊಟ್ಟ ಹಿರಿಯರು ಮೊದಲು ಕೇಳಿದ್ದೇ "ಯಾವ ಊರಿಗೆ ಒಯ್ತೀರಮ್ಮ?" ಅಂತ. ಬಳ್ಳಾರಿ ಅಂದಾಗ ತಲೆಯಾಡಿಸಿದರು. ಶಿರಸಿ ಅಂದಾಗ "ಮಳೆಗೆ ಎಲೆ ನಿಲ್ಲಲ್ಲ, ಯೋಚನೆ ಮಾಡಿ" ಅಂದರು. ಮಾರಾಟ ಕಳೆದುಕೊಳ್ಳುವ ಮಾತನ್ನು ನೇರವಾಗಿ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಅಲ್ಲಿ ಕಾಯಿ ಬಿಟ್ಟಿದ್ದ ದೊಡ್ಡ ಗಿಡಗಳೂ ಇದ್ದವು. ಅದರ ಆಸೆ ಬೇಡ, ಜಾಗ ಬದಲಾದರೆ ಕಾಯಿ ಉದುರುತ್ತದೆ ಅಂತ ಎರಡಡಿಯ ಗಿಡಗಳನ್ನೇ ಆರಿಸಿಕೊಟ್ಟರು. ಚೀಲದ ತಳದಲ್ಲಿ ಬಿಳಿ ಬೇರು ಇಣುಕುತ್ತಿತ್ತು. ಎಲೆಯ ಹಿಂಬದಿ ಶುಭ್ರವಾಗಿತ್ತು.

ಇದಕ್ಕೂ ಮೊದಲು ಆನ್‌ಲೈನ್‌ನಲ್ಲಿ 450 ರೂಪಾಯಿ ಕೊಟ್ಟು 'ಡಯಾನ' ತಳಿ ಅಂತ ಒಂದು ಗಿಡ ತರಿಸಿದ್ದೆ. ಒದ್ದೆ ಪೇಪರಿನಲ್ಲಿ ಸುತ್ತಿದ ಕಡ್ಡಿ ಬಂತು. ಹದಿನೈದು ದಿನಕ್ಕೆ ಕೊಳೆಯಿತು. ಎರಡು ಸಲ ಬರೆದರೂ ಉತ್ತರ ಬರಲಿಲ್ಲ. ಅಂಜೂರವನ್ನು ಕಣ್ಣಾರೆ ನೋಡಿ ತನ್ನಿ ಅಂತ ಅದಕ್ಕೇ ಹೇಳುತ್ತೇನೆ.

ತಳಿಯ ಬಗ್ಗೆ ಒಂದು ಮಾತು. ಪುಣೆ ಹತ್ತಿರದ ಪುರಂದರ ತಾಲೂಕಿನ ಅಂಜೂರಕ್ಕೆ 2016ರಲ್ಲಿ ಜಿಐ ಟ್ಯಾಗ್ (ಇದು ಆ ಪ್ರದೇಶದ್ದೇ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ. ಪೂನಾ ಅಂಜೂರ ಹಸಿಯಾಗಿ ತಿನ್ನಲು ಚೆನ್ನ. ಅಂಗಡಿಯಲ್ಲಿ ದಾರಕ್ಕೆ ಪೋಣಿಸಿ ಇಟ್ಟಿರುತ್ತಾರಲ್ಲ, ಆ ಥರ ಒಣಗಿಸುವ ಆಸೆಯಿದ್ದರೆ ಇದು ಬೇಡ. ಅದಕ್ಕೆ ಡಯಾನದಂಥ ತಳಿ ಬೇಕು. ಅತ್ತಿಹಣ್ಣು ಬಿಚ್ಚಿದರೆ ಒಳಗೆ ಹುಳ ಇರುತ್ತದಲ್ಲ, ಇದರಲ್ಲೂ ಇರುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಪೂನಾ ತಳಿ ಪರಾಗಸ್ಪರ್ಶವಿಲ್ಲದೆಯೇ ಹಣ್ಣಾಗುತ್ತದೆ. ಅತ್ತಿಯಲ್ಲಿ ಪರಾಗಸ್ಪರ್ಶ ಮಾಡುವ ಪುಟ್ಟ ಕಣಜದ ಹುಳ ಇದರೊಳಗೆ ಹೋಗಬೇಕಾದ ಕೆಲಸವೇ ಇಲ್ಲ. ಹಾಗಾಗಿ ಒಂದೇ ಗಿಡ ಇದ್ದರೂ ಸಾಕು.

ಗೆದ್ದದ್ದು ಬಳ್ಳಾರಿ ಗಿಡ. ಅಲ್ಲಿ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ, ಉಳಿದಂತೆ ಬಿಸಿಲೇ ಬಿಸಿಲು. ಹಿತ್ತಲಿನ ಕೆಂಪು ಮಣ್ಣಿನಲ್ಲಿ, ಬಚ್ಚಲ ನೀರು ಹರಿಯುವ ಕಡೆಯಿಂದ ಆರಡಿ ದೂರ ನೆಟ್ಟೆವು. ನಾನು ಹೋದಾಗೆಲ್ಲ ಕೊಡ ಹಿಡಿದು ನಿಲ್ಲುತ್ತಿದ್ದೆ. ಅತ್ತೆ ಬೈದರು: "ಯವ್ವಾ, ನೀರು ಹಾಕಿ ಹಾಕಿ ಕೊಲ್ಲಬ್ಯಾಡ, ಬಿಡು ಅದನ್ನ." ಅವರ ಮಾತೇ ಸರಿ. ಬುಡದಲ್ಲಿ ನೀರು ನಿಂತರೆ ಈ ಗಿಡ ಸೊರಗುತ್ತದೆ. ಎರಡನೇ ಬೇಸಿಗೆಯಲ್ಲಿ ಮೂವತ್ತು ಹಣ್ಣು ಎಣಿಸಿದ್ದೆವು. ಮೂರನೇ ಬೇಸಿಗೆಯಲ್ಲಿ ಎಣಿಕೆ ಬಿಟ್ಟು ಓಣಿಗೆಲ್ಲ ಹಂಚಿದರು. ನಡುವೆ ಒಮ್ಮೆ ಕಾಂಡದ ಬುಡದಲ್ಲಿ ಮರದ ಪುಡಿ ಉದುರಿತ್ತು. ಕಾಂಡ ಕೊರೆಯುವ ಹುಳ. ಮಾವ ತೂತಿನೊಳಗೆ ತಂತಿ ಚುಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಮೇಲೆ ಕೆಸರು ಮೆತ್ತಿದರು. ಗಿಡ ಉಳಿಯಿತು. ವಾರಕ್ಕೊಮ್ಮೆ ಬುಡ ನೋಡುವ ಅಭ್ಯಾಸ ಅವರಿಗೆ ಆವತ್ತಿನಿಂದಲೇ ಬಂತು.

ಬೆಂಗಳೂರಿನ ಗಿಡ ಹದಿನೆಂಟು ಇಂಚಿನ ಗ್ರೋಬ್ಯಾಗಿನಲ್ಲಿದೆ. ಕೆಂಪು ಮಣ್ಣು, ಹಳೆಯ ಸಗಣಿ ಗೊಬ್ಬರ, ಮರಳು. ಮೊದಲ ವರ್ಷ ನೀರಿನ ಟ್ಯಾಂಕಿನ ನೆರಳಿನಲ್ಲಿಟ್ಟಿದ್ದೆ. ಬರೀ ಎಲೆ. ಆರು ಗಂಟೆ ಬಿಸಿಲು ಬೀಳುವ ಮೂಲೆಗೆ ಎಳೆದ ಮೇಲೆ ಕಾಯಿ ಕಚ್ಚಿತು. ಮಳೆಗಾಲದಲ್ಲಿ ಬಂದ ಹಣ್ಣು ಹುಳಿ ಹುಳಿ, ಬಾಯಿ ಬಿಟ್ಟುಕೊಂಡು ಒಡೆಯುತ್ತಿತ್ತು. ಈಗ ಅಕ್ಟೋಬರ್‌ನಲ್ಲಿ ಕೊಂಬೆಗಳನ್ನು ಕತ್ತರಿಸುತ್ತೇನೆ. ಹೊಸ ಚಿಗುರಿನಲ್ಲೇ ಕಾಯಿ ಬರುವುದರಿಂದ ಈ ಕೆಲಸ ಬಿಡುವ ಹಾಗಿಲ್ಲ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಬರುವ ಹಣ್ಣು ನಿಜಕ್ಕೂ ಸಿಹಿ. ಕತ್ತರಿಸುವಾಗ ಬಿಳಿ ಹಾಲು ಕೈಗೆ ತಾಗಿದರೆ ತುರಿಕೆ ಬರುತ್ತದೆ, ಕೈಗವಸು ಹಾಕಿಕೊಳ್ಳಿ.

ಕೊಯ್ಯುವುದರಲ್ಲಿ ಅವಸರ ಮಾಡಬೇಡಿ. ಅಂಜೂರ ಕೊಯ್ದ ಮೇಲೆ ಮಾವಿನ ಹಾಗೆ ಹುಲ್ಲಿನಲ್ಲಿಟ್ಟರೆ ಹಣ್ಣಾಗುವುದಿಲ್ಲ. ತೊಟ್ಟು ಬಾಗಿ ಹಣ್ಣು ಕೆಳಕ್ಕೆ ಜೋತು ಬೀಳಬೇಕು, ಮುಟ್ಟಿದರೆ ಮೆತ್ತಗಿರಬೇಕು. ಅಷ್ಟರಲ್ಲಿ ಪಿಕಳಾರ ಹಕ್ಕಿ, ಅಳಿಲು ಕಾದಿರುತ್ತವೆ. ಹಳೆಯ ನೆಟ್ ಪರದೆಯಿಂದ ಪುಟ್ಟ ಚೀಲ ಹೊಲಿದು ಒಂದೊಂದು ಕಾಯಿಗೂ ಕಟ್ಟುತ್ತೇನೆ. ಈ ವರ್ಷ ನನಗೆ ಇಪ್ಪತ್ತೆರಡು ಹಣ್ಣು ಸಿಕ್ಕವು.

ಶಿರಸಿಯ ಗಿಡದ ಕಥೆ ನೋವಿನದು. ಅಲ್ಲಿ ಮಳೆ 2,000 ಮಿ.ಮೀ. ದಾಟುತ್ತದೆ. ಜುಲೈನಲ್ಲಿ ಎಲೆಯ ಹಿಂಬದಿ ಕಂದು ಬಣ್ಣದ ಪುಡಿ ಚುಕ್ಕೆಗಳು ಬಂದವು. ಅದು ತುಕ್ಕು ರೋಗ. "ಎಲ್ಲ ಎಲೆ ಉದುರಿ ಹೋತು ತಂಗಿ" ಅಂತ ಅಣ್ಣ ಫೋನ್ ಮಾಡಿದ. ಅಡಿಕೆಗೆ ಹೊಡೆಯುವ, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವನ್ನೇ ಇದಕ್ಕೂ ಹೊಡೆದ. ಎರಡನೇ ವರ್ಷವೂ ಹಾಗೇ ಆಯಿತು. ನರ್ಸರಿಯವರು ಮೊದಲೇ ಹೇಳಿದ್ದರು, ಕೇಳದೇ ಒಯ್ದದ್ದು ನಾನು. ಅವರ ತಪ್ಪೇನೂ ಇಲ್ಲ.

ಅಣ್ಣನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಹತ್ತಿರ 'ಶಿಕಾಗೋ ಹಾರ್ಡಿ' ಅನ್ನೋ ತಳಿ ಕುಂಡದಲ್ಲಿದೆ. ನವೆಂಬರ್‌ನಲ್ಲಿ ಎಲೆ ಉದುರಿದ ಮೇಲೆ ಗ್ಯಾರೇಜಿಗೆ ಒಯ್ಯುತ್ತಾಳೆ. ಕತ್ತಲಲ್ಲಿ ತಿಂಗಳಿಗೊಂದು ಚೊಂಬು ನೀರು, ಅಷ್ಟೇ. ಹಿಮದ ಭಯ ಕಳೆದ ಮೇಲೆ ಹೊರಗೆ. ಆ ಕಡೆಯ ಹಳೆಯ ಇಟಲಿ ಮನೆತನದವರು ನೆಲದಲ್ಲಿರುವ ಅಂಜೂರದ ಮರಕ್ಕೆ ಚಳಿಗಾಲದಲ್ಲಿ ಗೋಣಿ ಸುತ್ತುತ್ತಾರಂತೆ, ಕೆಲವರು ಬಗ್ಗಿಸಿ ಮಣ್ಣಲ್ಲೇ ಹೂಳುತ್ತಾರಂತೆ. ಅವಳೇ ಅಪ್ಪನಿಗೆ ಹೇಳಿದಳು: "ನಾನು ಚಳಿಯಿಂದ ಒಳಗಿಡ್ತೆ, ನೀನು ಮಳೆಯಿಂದ ಒಳಗಿಡು."

ಅಣ್ಣನ ಅಂಗಳದಲ್ಲಿ ಅಡಿಕೆ ಒಣಗಿಸುವ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸ್ ಇದೆ. ಮಳೆಗಾಲದಲ್ಲಿ ಅದು ಸುಮ್ನೆ ಖಾಲಿ ಬಿದ್ದಿರುತ್ತದೆ. ಈ ಬೇಸಿಗೆಯಲ್ಲಿ ಗಿಡವನ್ನು ಕಿತ್ತು, ಬೇರು ಸವರಿ, ದೊಡ್ಡ ಕುಂಡಕ್ಕೆ ಹಾಕಿದ. ಜೂನ್ ಮೊದಲ ವಾರ ಅದರೊಳಗೆ ಇಟ್ಟ. ಎರಡೂ ಬದಿ ಗಾಳಿಯಾಡಲು ತೆರೆದಿಟ್ಟ. ಚೌತಿಯ ದಿನ ಫೋಟೋ ಕಳಿಸಿದ: ಎಲೆಗಳೆಲ್ಲ ಹಾಗೇ ಇವೆ, ಆರು ಕಾಯಿ ಕಚ್ಚಿವೆ.

ನರ್ಸರಿಗೆ ನನ್ನ ಕಡೆಯಿಂದ ಐದಕ್ಕೆ ಐದು. ಪೂನಾ ತಳಿಗೆ ಬಯಲುಸೀಮೆಯಲ್ಲಿ ಐದು, ಬೆಂಗಳೂರಿನ ತಾರಸಿಯಲ್ಲಿ ನಾಲ್ಕು. ಶಿರಸಿಯ ಅಂಕ ಆ ಆರು ಕಾಯಿ ಹಣ್ಣಾದ ಮೇಲೆ ಹಾಕುತ್ತೇನೆ.