1916ರ ನೆನಪಿಗೆ ಒಂದೇ ಒಂದು ಕೊಳ್ಳುವುದಾದರೆ: ಹತ್ತು ಷಿಲ್ಲಿಂಗೋ, ಪ್ರೂಫೋ, ಎರಡು ಯೂರೋವೋ, ಪದಕವೋ?

ಐರ್ಲೆಂಡಿನ ಸ್ಮರಣಾರ್ಥ ನಾಣ್ಯ, ಪದಕಗಳನ್ನು ಕೂಡಿಸಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1916ರ ಈಸ್ಟರ್ ದಂಗೆಯ ಮುಂದೆ ಬಂದು ನಿಲ್ಲುತ್ತಾರೆ. ಆ ವರ್ಷ ಏಪ್ರಿಲ್ 24ರ ಸೋಮವಾರ ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿಯ ಹೊರಗೆ ದಂಗೆಯ ನಾಯಕ ಪ್ಯಾಟ್ರಿಕ್ ಪಿಯರ್ಸ್ ಗಣರಾಜ್ಯದ ಘೋಷಣೆ ಓದಿದರು. ಮೇ 3ರಂದು ಕಿಲ್ಮೇನಮ್ ಜೈಲಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಈ ದಂಗೆಯ ನೆನಪಿಗೆಂದು ಮಾರುಕಟ್ಟೆಯಲ್ಲಿ ಮುಖ್ಯವಾಗಿ ನಾಲ್ಕು ವಸ್ತುಗಳು ಸಿಗುತ್ತವೆ: 1966ರ ಹತ್ತು ಷಿಲ್ಲಿಂಗ್ ಬೆಳ್ಳಿ ನಾಣ್ಯ, ಅದರದೇ ಪ್ರೂಫ್ (ಸಂಗ್ರಹಕಾರರಿಗೆಂದು ಕನ್ನಡಿಯಂಥ ಮೈ ಬರುವಂತೆ ಅಚ್ಚು ಹಾಕಿದ್ದು), 2016ರ ಎರಡು ಯೂರೋ ನಾಣ್ಯ, ದಂಗೆಯಲ್ಲಿ ಕಾದಾಡಿದವರಿಗೆ 1941ರಿಂದ ಕೊಟ್ಟ ಕಂಚಿನ ಪದಕ. ನಾಲ್ಕನ್ನೂ ತೂಗಿ, ಅಳೆದು, ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದು ನೋಡಿದ ಮೇಲೆ ನಮ್ಮ ಮತ ಹೋಗುವುದು ಮೊದಲನೆಯದಕ್ಕೆ, ಅದೂ ಚಲಾವಣೆಯ ಸವೆತ ಕಾಣದ ಸಾಮಾನ್ಯ ನಾಣ್ಯಕ್ಕೆ.

ಹತ್ತು ಷಿಲ್ಲಿಂಗ್ ಐರಿಷ್ ಸರ್ಕಾರ ಹೊರಡಿಸಿದ ಮೊದಲ ಸ್ಮರಣಾರ್ಥ ನಾಣ್ಯ. ತೂಕ 18.14 ಗ್ರಾಂ, ವ್ಯಾಸ 30.5 ಮಿ.ಮೀ., ನೂರಕ್ಕೆ 83.3 ಪಾಲು ಬೆಳ್ಳಿ. ಒಂದು ಬದಿಯಲ್ಲಿ ಪಿಯರ್ಸ್ ಅವರ ಪಕ್ಕನೋಟದ ಮುಖ, ಇನ್ನೊಂದು ಬದಿಯಲ್ಲಿ ಸಾಯುತ್ತಿರುವ ಕೂಹುಲಿನ್. ಐರಿಷ್ ಪುರಾಣದ ಈ ವೀರ, ಶತ್ರುಗಳೆದುರು ನಿಂತೇ ಸಾಯಬೇಕೆಂದು ತನ್ನನ್ನು ಒಂದು ನಿಲುಗಲ್ಲಿಗೆ ಕಟ್ಟಿಕೊಂಡ. ಹೆಗಲ ಮೇಲೆ ಕಾಗೆ ಬಂದು ಕೂತಾಗಲೇ ಅವನು ಸತ್ತನೆಂದು ಶತ್ರುಗಳಿಗೆ ಗೊತ್ತಾದದ್ದು. ವೀರಗಲ್ಲುಗಳ ನಾಡಿನವರಿಗೆ ಈ ಚಿತ್ರ ಏನು ಹೇಳುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನಾಣ್ಯಕ್ಕೆ ಮಾದರಿ ಆಲಿವರ್ ಶೆಪರ್ಡ್ ಮಾಡಿದ ಕಂಚಿನ ಪ್ರತಿಮೆ. ಅದು ಇಂದಿಗೂ ಅದೇ ಅಂಚೆ ಕಚೇರಿಯೊಳಗಿದೆ. 1928ರಿಂದ ಯೂರೋ ಬರುವವರೆಗಿನ ಐರಿಷ್ ನಾಣ್ಯಗಳಲ್ಲಿ ಹಾರ್ಪ್ ವಾದ್ಯದ ಗುರುತಿಲ್ಲದ್ದು ಇದೊಂದೇ.

ವಿನ್ಯಾಸ ಟಿ. ಎಚ್. ಪ್ಯಾಜೆಟ್ ಅವರದು. ಬ್ರಿಟನ್ನಿನ ನಾಣ್ಯಗಳಿಗೆ ಆರನೇ ಜಾರ್ಜ್ ದೊರೆಯ ತಲೆ ಕೆತ್ತಿದವರೂ ಇವರೇ. ಬ್ರಿಟಿಷರ ವಿರುದ್ಧದ ದಂಗೆಯ ನಾಣ್ಯ ಅಚ್ಚಾದದ್ದೂ ಲಂಡನ್ನಿನ ರಾಯಲ್ ಮಿಂಟ್‌ನಲ್ಲೇ. ಇನ್ನೂ ಹತ್ತಿರದ ನಂಟು ಬೇಕಾದರೆ ಮನೆಯ ಹಳೆಯ ಡಬ್ಬಿ ತೆಗೆಯಿರಿ. 1940ರ ದಶಕದ ನಮ್ಮ ರೂಪಾಯಿಯ ಮೇಲಿನ ಕಿರೀಟಧಾರಿ ಆರನೇ ಜಾರ್ಜ್ ಪರ್ಸಿ ಮೆಟ್ಕಾಫ್ ಕೈಕೆಲಸ. 1928ರ ಐರಿಷ್ ನಾಣ್ಯಗಳಿಗೆ ಕುದುರೆ, ಸಾಲ್ಮನ್, ಹೋರಿಗಳನ್ನು ರೂಪಿಸಿದವರೂ ಅವರೇ.

ಅಚ್ಚಾದದ್ದು 20 ಲಕ್ಷ. ಆದರೆ ಜನ ಇದನ್ನು ಒಪ್ಪಲಿಲ್ಲ. ಹತ್ತು ಷಿಲ್ಲಿಂಗಿಗೆ ನೋಟು ಮೊದಲೇ ಇತ್ತು. ಎರಡೂವರೆ ಷಿಲ್ಲಿಂಗಿನ ಅರ್ಧ ಕ್ರೌನ್ ನಾಣ್ಯದ ವ್ಯಾಸ 32.3 ಮಿ.ಮೀ. ಆದ್ದರಿಂದ ಜೇಬಿನಲ್ಲಿ ಕೈಯಾಡಿಸಿದರೆ ಎರಡೂ ಒಂದೇ ಅನ್ನಿಸುತ್ತಿತ್ತು, ಬೆಲೆಯಲ್ಲಿ ನಾಲ್ಕು ಪಟ್ಟು ಅಂತರ. ಸುಮಾರು 12 ಲಕ್ಷ 70 ಸಾವಿರ ನಾಣ್ಯಗಳನ್ನು ಹಿಂದಕ್ಕೆ ಪಡೆದು ಕರಗಿಸಿದರು. ಇದರಿಂದ ಸಂಗ್ರಹಕಾರರಿಗೆ ಅನುಕೂಲವೇ ಆಯಿತು: ಉಳಿದವುಗಳಲ್ಲಿ ಬಹಳಷ್ಟು ಹೆಚ್ಚು ಕೈ ಬದಲಾಯಿಸದೆ ಪೆಟ್ಟಿಗೆ ಸೇರಿದವು, ಸವೆಯದ ನಾಣ್ಯ ಇವತ್ತಿಗೂ ಸಿಗುತ್ತದೆ.

ಸವೆತ ನೋಡುವ ಕ್ರಮ ಹೀಗೆ. ಒಂದೇ ಒಂದು ದೀಪದ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ಓಲಾಡಿಸಿ. ಹೊಸ ಮೈ ಹಾಗೇ ಇದ್ದರೆ ಬೆಳಕಿನ ಪಟ್ಟಿಗಳು ಬಂಡಿಗಾಲಿಯ ಕಡ್ಡಿಗಳಂತೆ ಸುತ್ತುತ್ತವೆ. ಪಿಯರ್ಸ್ ಅವರ ಕಿವಿಯ ಮೇಲಿನ ಕೂದಲು, ಕೆನ್ನೆಮೂಳೆ, ಕೂಹುಲಿನ್‌ನ ಎದೆ, ತೊಡೆ, ಇವು ಉಬ್ಬಿರುವ ಜಾಗಗಳು. ಅಲ್ಲಿ ಮಾತ್ರ ಆ ಪಟ್ಟಿ ಕಡಿದು ಬೂದು ಬಣ್ಣ ಕಂಡರೆ ನಾಣ್ಯ ಚಲಾವಣೆ ಕಂಡಿದೆ ಎಂದರ್ಥ. ಇಡೀ ನಾಣ್ಯ ಒಂದೇ ಸಮ ಪಳಪಳ ಹೊಳೆದು, ಆ ಪಟ್ಟಿ ಎಲ್ಲೂ ಸುತ್ತದಿದ್ದರೆ ಯಾರೋ ಉಜ್ಜಿದ್ದಾರೆ; ಅಂಥದ್ದನ್ನು ಬೆಳ್ಳಿಯ ಬೆಲೆಗಿಂತ ಒಂದು ಪೈಸೆ ಹೆಚ್ಚು ಕೊಟ್ಟು ಕೊಳ್ಳಬೇಡಿ. ಆ ಬೆಲೆಯ ಲೆಕ್ಕ ಸುಲಭ. ನಾಣ್ಯದಲ್ಲಿರುವ ಶುದ್ಧ ಬೆಳ್ಳಿ 15.12 ಗ್ರಾಂ. ಪೇಪರಿನಲ್ಲಿ ಬರುವ ಕೆ.ಜಿ. ದರವನ್ನು ಸಾವಿರದಿಂದ ಭಾಗಿಸಿ 15.12ರಿಂದ ಗುಣಿಸಿದರೆ ಆಯಿತು.

ಅಸಲಿಯೋ ಎಂದು ತಿಳಿಯಲು ಅಕ್ಕಸಾಲಿಗರ ಒರೆಗಲ್ಲಿಗೆ ಮಾತ್ರ ಕೊಡಬೇಡಿ. ಒಂದು ಗೀರು ಬಿದ್ದರೆ ಸಂಗ್ರಹಕಾರರ ಬೆಲೆ ಅಲ್ಲಿಗೇ ಹೋಯಿತು. ನೀರಿನ ತೂಕ ಸಾಕು. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರು ತುಂಬಿದ ಸಣ್ಣ ಲೋಟ ಇಟ್ಟು, ತಕ್ಕಡಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳ್ಳನೆಯ ದಾರದಲ್ಲಿ ಕಟ್ಟಿ, ಲೋಟದ ತಳ, ಗೋಡೆ ಯಾವುದಕ್ಕೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 1.78ರ ಆಸುಪಾಸು ತೋರಿಸಬೇಕು. ಇದೇ ತೂಕದ ತಾಮ್ರ-ನಿಕ್ಕಲ್ ನಕಲಾದರೆ 2.04ರ ಹತ್ತಿರ ಹೋಗುತ್ತದೆ. ಇಲ್ಲಿ ಆಗುವ ತಪ್ಪು ಸಾಮಾನ್ಯವಾಗಿ ಒಂದೇ: ಅಂಚಿನ ಅಕ್ಷರಗಳ ಸಂದಿಯಲ್ಲಿ ಗಾಳಿಗುಳ್ಳೆ ಕೂತು ಅಂಕಿ ಏರುತ್ತದೆ, ಒಳ್ಳೆಯ ನಾಣ್ಯವೂ ಖೋಟಾ ಅನ್ನಿಸುತ್ತದೆ. ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿದರೆ ಗುಳ್ಳೆ ಹಿಡಿಯುವುದಿಲ್ಲ. ಆಮೇಲೆ ಬರೀ ನೀರಲ್ಲಿ ಅದ್ದಿ, ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒತ್ತಿ ಆರಿಸಿ. ಒರೆಸಬೇಡಿ.

ಅಂಚಿನ ಅಕ್ಷರ ಅಂದೆವಲ್ಲ, ನಮಗೆ ಈ ನಾಣ್ಯದಲ್ಲಿ ಎಲ್ಲಕ್ಕಿಂತ ಪ್ರೀತಿಯ ಜಾಗ ಅದು. ಗೇಲಿಕ್ ಲಿಪಿಯಲ್ಲಿ 'ಐರೀ ಅಮಾಖ್ ನ ಕಾಸ್ಕಾ 1916', ಅಂದರೆ ಈಸ್ಟರ್ ದಂಗೆ 1916, ಎಂದು ಸುತ್ತಲೂ ಓಡುತ್ತದೆ. ನಾಣ್ಯವನ್ನು ರಟ್ಟಿನ ಹೋಲ್ಡರಿನಲ್ಲಿಟ್ಟು ಪಿನ್ನು ಹೊಡೆದವರಿಗೆ ಇದು ಮತ್ತೆ ಕಾಣುವುದಿಲ್ಲ. 31 ಮಿ.ಮೀ.ಯ ಪಾರದರ್ಶಕ ಕ್ಯಾಪ್ಸೂಲ್ ಕೊಳ್ಳಿ.

ಇನ್ನು ಪ್ರೂಫ್. 20,000 ಮಾತ್ರ ಹೊರಬಂದವು. ಲೋಹ, ತೂಕ, ಚಿತ್ರ ಎಲ್ಲ ಒಂದೇ. ಕನ್ನಡಿಯಂಥ ಮೈ, ಕತ್ತರಿಸಿಟ್ಟಂಥ ಅಂಚು, ಅಷ್ಟೇ ವ್ಯತ್ಯಾಸ. ಹೊಸದಾಗಿದ್ದಾಗ ಇದೇ ಚೆಂದ, ಅನುಮಾನವಿಲ್ಲ. ತೊಂದರೆ ವಯಸ್ಸಿನದು. ಆರು ದಶಕದಲ್ಲಿ ಒಬ್ಬರಾದರೂ ಕರವಸ್ತ್ರದಿಂದ ಒರೆಸಿರುತ್ತಾರೆ. ಕನ್ನಡಿ ಮೈಮೇಲೆ ಕೂದಲೆಳೆಯಂಥ ಗೀರುಗಳು ಓಲಾಡಿಸಿದಾಗ ಎದ್ದು ಕಾಣುತ್ತವೆ. ಸಾಮಾನ್ಯ ನಾಣ್ಯದಲ್ಲಿ ಮುಚ್ಚಿಹೋಗುವ ಗೀರು ಇಲ್ಲಿ ಮುಚ್ಚುವುದಿಲ್ಲ. ಹಳೆಯ ಪೆಟ್ಟಿಗೆಯ ಒಳಬಟ್ಟೆಯಿಂದ ಅಂಚಿಗೆ ಕಂದು ಬಣ್ಣ ಏರಿರುವುದೂ ಉಂಟು, ಅದು ದೋಷವಲ್ಲ. ಮೋಸ ಇರುವುದು ಬೇರೆ ಕಡೆ: ಬಳಸಿದ ನಾಣ್ಯವನ್ನು ಪಾಲಿಶ್ ಮಾಡಿ ಪ್ರೂಫ್ ಎಂದು ಮಾರುತ್ತಾರೆ. ಅಸಲಿ ಪ್ರೂಫಿನಲ್ಲಿ ಖಾಲಿ ಜಾಗ ಬೆಳಕಿಗೆ ವಾರೆಯಾಗಿ ಹಿಡಿದಾಗ ಕಪ್ಪು ಕನ್ನಡಿಯಾಗುತ್ತದೆ, ಅಕ್ಷರಗಳ ಬದಿ ಗೋಡೆಯಂತೆ ನೆಟ್ಟಗೆ ಏಳುತ್ತದೆ. ಪಾಲಿಶ್ ಮಾಡಿದ್ದರಲ್ಲಿ ಅಕ್ಷರದ ಬದಿ ಸೋಪಿನ ಬಿಲ್ಲೆಯ ಅಂಚಿನಂತೆ ಕರಗಿರುತ್ತದೆ. ಸಾಮಾನ್ಯ ನಾಣ್ಯದ ಎರಡು ಮೂರು ಪಟ್ಟು ಕೊಟ್ಟು ಗೀರು ಬಿದ್ದ ಪ್ರೂಫ್ ತರುವುದಕ್ಕಿಂತ, ಅದೇ ದುಡ್ಡಿಗೆ ಸಿಗುವ ಅತ್ಯುತ್ತಮ ಸಾಮಾನ್ಯ ನಾಣ್ಯ ಆರಿಸುವುದು ಮೇಲು.

2016ರ ಎರಡು ಯೂರೋ ಎಲ್ಲಕ್ಕಿಂತ ಅಗ್ಗ. ಅಂಚೆ ಕಚೇರಿಯ ನೆತ್ತಿಯ ಮೇಲಿನ, ಐರ್ಲೆಂಡನ್ನೇ ಹೆಣ್ಣಾಗಿ ಕಲ್ಪಿಸಿದ ಹೈಬರ್ನಿಯಾ ಪ್ರತಿಮೆ, ಕೈಬರಹದಂಥ ಅಕ್ಷರಗಳು, ವಿನ್ಯಾಸ ಎಮೆಟ್ ಮಲಿನ್ಸ್ ಅವರದು. ಐರ್ಲೆಂಡ್ ತನ್ನದೇ ವಿಷಯಕ್ಕೆ ಹೊರಡಿಸಿದ ಮೊದಲ ಸ್ಮರಣಾರ್ಥ ಎರಡು ಯೂರೋ ಇದು. ಅದಕ್ಕೆ ಮುಂಚಿನವು ಯೂರೋ ದೇಶಗಳೆಲ್ಲ ಒಟ್ಟಿಗೆ ತಂದವು. ಅಚ್ಚಾದದ್ದು 45 ಲಕ್ಷ, ತೂಕ 8.5 ಗ್ರಾಂ, ವ್ಯಾಸ 25.75 ಮಿ.ಮೀ. ಡಬ್ಲಿನ್ನಿನಲ್ಲಿ ಕೆಲಸಕ್ಕಿರುವ ಕನ್ನಡಿಗರು ಚಿಲ್ಲರೆಯಲ್ಲೇ ಹುಡುಕಬಹುದು, ಸಿಕ್ಕರೆ ಖರ್ಚು ಎರಡೇ ಯೂರೋ. ಆದರೆ ಚಿಲ್ಲರೆಯಲ್ಲಿ ಬಂದದ್ದರ ಹಳದಿ ನಡುಭಾಗದ ಮೇಲೆ ಬೇರೆ ನಾಣ್ಯಗಳ ಪೆಟ್ಟು ಇದ್ದೇ ಇರುತ್ತದೆ, ಬೆರಳಚ್ಚು ಕೂತರೆ ಕಂದು ಕಲೆಯಾಗಿ ನಿಲ್ಲುತ್ತದೆ. ಬ್ಯಾಂಕಿನ ಒಡೆಯದ ನಾಣ್ಯ ಸುರುಳಿಯಿಂದ ತೆಗೆದದ್ದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಬಣ್ಣ ಹಚ್ಚಿದ, ಚಿನ್ನದ ನೀರು ಹಾಯಿಸಿದ ಹೈಬರ್ನಿಯಾಗಳನ್ನು ಬಿಟ್ಟುಬಿಡಿ. ಅದು ಖಾಸಗಿಯವರ ಕೆಲಸ, ಸಂಗ್ರಹಕಾರರ ಕಣ್ಣಿಗೆ ಹಾಳಾದ ನಾಣ್ಯ. ಹತ್ತು ಷಿಲ್ಲಿಂಗಿಗೆ ಜೊತೆಯಾಗಿ ಇಡಲು ಇದು ಒಳ್ಳೆಯದು. ಅದರ ಬದಲಿಗೆ ಇದೊಂದೇ ಸಾಕು ಎನ್ನುವ ಹಾಗಿಲ್ಲ.

ನಮ್ಮ ಕಡೆ ಬೆಳ್ಳಿ ಇಡುವವರಿಗೆ ಎರಡು ಮಾತು. ಮನೆಯ ದೀಪ, ತಟ್ಟೆಗಳನ್ನು ಬೆಳಗುವ ವಿಭೂತಿ, ಹುಣಸೆಹಣ್ಣು ನಾಣ್ಯದ ಹತ್ತಿರ ಸುಳಿಯಬಾರದು. ವಿಭೂತಿ ನಯವಾಗಿ ಕಂಡರೂ ಅದು ಉಜ್ಜುವ ಪುಡಿ, ಬೆಳಕಿನ ಪಟ್ಟಿಯನ್ನು ಒಂದೇ ಸಲಕ್ಕೆ ಅಳಿಸುತ್ತದೆ. ರಬ್ಬರ್ ಬ್ಯಾಂಡ್, ಹಳೆಯ ಪೇಪರ್ ಸುತ್ತಿದರೆ ಗಂಧಕದಿಂದ ಕಪ್ಪಾಗುತ್ತದೆ. ಮೆತ್ತನೆ ಪಿವಿಸಿ ಜೇಬುಗಳಲ್ಲಿ ಇಟ್ಟರೆ ಮಂಗಳೂರು, ಕಾರವಾರದ ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಅಂಟು ಬರಬಹುದು. ಬಂದರೆ ಶುದ್ಧ ಅಸಿಟೋನಿನಲ್ಲಿ, ಗಾಜಿನ ಬಟ್ಟಲಲ್ಲಿ, ಹತ್ತು ಹದಿನೈದು ನಿಮಿಷ ನೆನೆಸಿ, ಉಜ್ಜದೆ ಎತ್ತಿ ಗಾಳಿಗೆ ಆರಲು ಬಿಡಿ. ಕಿಟಕಿ ತೆರೆದಿರಲಿ, ಒಲೆ ಉರಿಯುತ್ತಿರಬಾರದು. ಉಗುರುಬಣ್ಣ ತೆಗೆಯುವ ದ್ರವ ಆಗದು, ಅದರಲ್ಲಿ ಎಣ್ಣೆ, ಸುವಾಸನೆ ಬೆರೆಸಿರುತ್ತಾರೆ.

ಕೊನೆಯದು ಪದಕ. ಮನಸ್ಸಿಗೆ ಅತಿ ಹತ್ತಿರ, ಕೊಳ್ಳಲು ಅತಿ ಕಷ್ಟ. ಇಲ್ಲೂ ಸಾಯುತ್ತಿರುವ ಕೂಹುಲಿನ್ ಇದ್ದಾನೆ, ಸುತ್ತ ಜ್ವಾಲೆಯ ಬಳೆ, ಹಿಂದೆ 'ಶಖ್ತನ್ ನ ಕಾಸ್ಕಾ 1916', ಈಸ್ಟರ್ ವಾರ ಎಂದು. ರಿಬ್ಬನ್ ಅರ್ಧ ಹಸಿರು, ಅರ್ಧ ಕಿತ್ತಳೆ. ಬೆಲೆ ಸಾವಿರಾರು ಯೂರೋ, ಆದ್ದರಿಂದ ನಕಲುಗಳೂ ಧಾರಾಳ. ಎರಕದ ನಕಲಿಗೆ ಮೈತುಂಬ ಸೂಜಿಮೊನೆಯಷ್ಟು ಕುಳಿ, ಮೊಂಡು ಅಕ್ಷರ, ಅಂಚಿನಲ್ಲಿ ಬೆಸುಗೆಯ ಗೆರೆ. ಲೋಹ ಆರುವಾಗ ಕುಗ್ಗುವುದರಿಂದ ಅಳತೆ ಅಸಲಿಗಿಂತ ತುಸು ಕಡಿಮೆ. ರಿಬ್ಬನ್ನಿಗೆ ಅತಿನೇರಳೆ ಟಾರ್ಚ್ ಬಿಟ್ಟಾಗ ನೀಲಿಯಾಗಿ ಬೆಳಗಿದರೆ ಅದು ಈಚಿನ ಬಟ್ಟೆ. ಹಾಗೆಂದು ಪದಕವೂ ನಕಲಿ ಎನ್ನಲಾಗದು, ರಿಬ್ಬನ್ ಬದಲಾಯಿಸಿರಬಹುದು.

ಇಷ್ಟೆಲ್ಲ ನೋಡಿದರೂ ದೊಡ್ಡ ತೊಡಕು ಉಳಿಯುತ್ತದೆ. ದಂಗೆಯಲ್ಲಿ ಮಡಿದವರ ಪದಕಗಳ ಮೇಲೆ ಹೆಸರು ಕೆತ್ತಿಸಿ ಮನೆಯವರಿಗೆ ಕೊಟ್ಟರು, ಬದುಕುಳಿದವರ ಪದಕಗಳ ಮೇಲೆ ಹೆಸರಿಲ್ಲ. ಹಾಗಾಗಿ ಬರೀ ಪದಕ ಯಾರದ್ದೆಂದು ಹೇಳಲಾಗದು, ಮಾರುವವರು ಹೇಳುವ ಕತೆಯೇ ಬೆಲೆಯಾಗುತ್ತದೆ. ಆ ಕತೆಯನ್ನು ಒರೆಗೆ ಹಚ್ಚಲು ಜಾಗವಿದೆ. ಡಬ್ಲಿನ್ನಿನ ರ‍್ಯಾತ್‌ಮೈನ್ಸ್‌ನಲ್ಲಿರುವ ಐರಿಷ್ ಸೇನಾ ಪತ್ರಾಗಾರ ದಂಗೆಯಲ್ಲಿ ಭಾಗಿಗಳಾದವರ ಪಿಂಚಣಿ ಮತ್ತು ಪದಕದ ಕಡತಗಳನ್ನು ಹಂತಹಂತವಾಗಿ ಅಂತರ್ಜಾಲದಲ್ಲಿ ಹಾಕುತ್ತಿದೆ, ಬೆಂಗಳೂರಿನಲ್ಲಿ ಕೂತೇ ತೆರೆಯಬಹುದು. ಮೊದಲು ಮಾರುವವರಿಂದ ಹೆಸರನ್ನು ಇಂಗ್ಲಿಷ್ ಮತ್ತು ಐರಿಷ್ ಎರಡೂ ಕಾಗುಣಿತದಲ್ಲಿ ಪಡೆಯಿರಿ. ಒಬ್ಬರೇ ವ್ಯಕ್ತಿ ಎರಡು ಕಡೆ ಎರಡು ರೂಪದಲ್ಲಿ ಇರುತ್ತಾರೆ. ಕಡತದಲ್ಲಿ ಈಸ್ಟರ್ ವಾರದ ಸೇವೆಯನ್ನು ಒಪ್ಪಿಕೊಂಡಿದೆಯೇ, ಪದಕ ಕೊಟ್ಟ ದಾಖಲೆ ಇದೆಯೇ ನೋಡಿ. ಆಮೇಲೆ ಪದಕ ಆ ಮನೆಯಿಂದ ಮಾರುವವರ ಕೈಗೆ ಹೇಗೆ ಬಂತೆಂಬ ಕಾಗದ ಕೇಳಿ. ಹೆಸರು ಕಡತದಲ್ಲಿದ್ದು ಈ ಕಾಗದ ಇಲ್ಲದಿದ್ದರೆ, ಹೆಸರಿಲ್ಲದ ಪದಕಕ್ಕೆ ಕೊಡುವ ಬೆಲೆಯನ್ನಷ್ಟೇ ಹೇಳಿ.