ಬೋರ್ಡ್ ಔಟ್ ಆಗುವ ಮುನ್ನ ಯೂನಿಟ್ ಕಚೇರಿಯ ಕಾಗದಗಳನ್ನು ನೋಡಿಕೊಳ್ಳಿ

ಪೆಟ್ಟು ಬಿದ್ದೋ ಕಾಯಿಲೆಯಾಗಿಯೋ ಸೇನೆಯ ವೈದ್ಯಕೀಯ ಬೋರ್ಡಿನಿಂದ ಅನರ್ಹರೆನಿಸಿ, ಅಂದರೆ ಬೋರ್ಡ್ ಔಟ್ ಆಗಿ, ಅರ್ಧಕ್ಕೇ ಮನೆಗೆ ಬಂದ ಎಷ್ಟೋ ಹುಡುಗರ ಕೈಯಲ್ಲಿ ಒಂದೇ ಥರದ ಪತ್ರ ಇರುತ್ತದೆ. ನಿಮ್ಮ ಅಂಗವೈಕಲ್ಯ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಿದ್ದೂ ಅಲ್ಲ, ಆದ್ದರಿಂದ ಡಿಸೆಬಿಲಿಟಿ ಪೆನ್ಷನ್ ಇಲ್ಲ ಅಂತ. ಕಚೇರಿಯವರ ಬಾಯಲ್ಲಿ ಇದು 'ನಾನಾ', ಇಂಗ್ಲಿಷಿನ Neither Attributable Nor Aggravated ಎಂಬುದರ ಚುಟುಕು. ಮನೆಯವರು ಬೈಯುವುದು ಆಸ್ಪತ್ರೆಯ ಡಾಕ್ಟರಿಗೆ. ಆದರೆ ಕಡತ ಬಿಚ್ಚಿ ನೋಡಿದರೆ, ಕೆಲಸ ಕೆಟ್ಟಿರುವುದು ಬೋರ್ಡಿಗಿಂತ ಎಷ್ಟೋ ತಿಂಗಳು ಮೊದಲು, ಯೂನಿಟ್ ಕಚೇರಿಯಲ್ಲಿ.

ಮೊಣಕಾಲಿನ ಪೆಟ್ಟನ್ನೇ ತೆಗೆದುಕೊಳ್ಳಿ. ಬೆಳಗಿನ ಪಿ.ಟಿ.ಯಲ್ಲೋ ಸಂಜೆಯ ಗೇಮ್ಸ್‌ನಲ್ಲೋ ಕಾಲು ತಿರುಚುತ್ತದೆ. ಎಂ.ಐ. ರೂಮಿನಲ್ಲಿ, ಅಂದರೆ ಯೂನಿಟ್‌ನ ಚಿಕಿತ್ಸಾ ಕೊಠಡಿಯಲ್ಲಿ, ನೋವಿನ ಮಾತ್ರೆ, ಮೂರು ದಿನ ರೆಸ್ಟ್. ಲಿಗಮೆಂಟ್ ಹರಿದಿದೆ ಅಂತ ಗೊತ್ತಾಗುವುದು ತಿಂಗಳುಗಳ ಮೇಲೆ, ಎಂಆರ್‌ಐ ಮಾಡಿದಾಗ. ಅಷ್ಟರಲ್ಲಿ ಯೂನಿಟ್ ಬೇರೆ ಕಡೆ ಮೂವ್ ಆಗಿರುತ್ತದೆ, ಕಣ್ಣಾರೆ ಕಂಡಿದ್ದ ಹವಾಲ್ದಾರರು ಪೋಸ್ಟಿಂಗ್ ಮೇಲೆ ಹೋಗಿರುತ್ತಾರೆ. ಪೆಟ್ಟಾದಾಗಲೇ ಆಗಬೇಕಿದ್ದದ್ದು ಇಂಜುರಿ ರಿಪೋರ್ಟ್, ಐಎಎಫ್‌ವೈ-2006 ಎಂಬ ಫಾರ್ಮ್. ಎಲ್ಲಿ, ಯಾವಾಗ, ಹೇಗೆ ಪೆಟ್ಟಾಯಿತು, ಆಗ ಡ್ಯೂಟಿಯಲ್ಲಿದ್ದನೇ ಎಂದು ಬರೆದು ಮೆಡಿಕಲ್ ಆಫೀಸರ್ ಮತ್ತು ಕಮಾಂಡಿಂಗ್ ಆಫೀಸರ್ ಸಹಿ ಮಾಡಬೇಕು. ಪೆಟ್ಟು ದೊಡ್ಡದಿದ್ದರೆ ಕೋರ್ಟ್ ಆಫ್ ಇನ್‌ಕ್ವೈರಿ, ಅಂದರೆ ಸೇನೆಯ ಒಳಗಿನ ವಿಚಾರಣೆಯೂ ಬೇಕು. 'ಸಣ್ಣದು, ಬಿಡು' ಅಂತ ಯೂನಿಟ್ ಇದನ್ನು ಬಿಟ್ಟಿದ್ದರೆ, ಬೋರ್ಡಿನ ಮುಂದೆ ನಿಮ್ಮ ಪೆಟ್ಟಿಗೆ ದಿನಾಂಕವೂ ಇಲ್ಲ, ಸ್ಥಳವೂ ಇಲ್ಲ. ಪೆಟ್ಟಾದ ವಾರದಲ್ಲೇ ಬಾಯಿಮಾತು ಬಿಟ್ಟು ಅರ್ಜಿ ಬರೆದು ಕೇಳಿ, ಅದರ ಒಂದು ಪ್ರತಿ ಇಟ್ಟುಕೊಳ್ಳಿ. ರಜೆಯಲ್ಲಿ ಊರಲ್ಲಿ ಬೈಕಿನಿಂದ ಬಿದ್ದರೆ ಸಾಮಾನ್ಯವಾಗಿ ಡಿಸೆಬಿಲಿಟಿ ಪೆನ್ಷನ್ ಸಿಗದು. ಯೂನಿಟ್‌ನಿಂದ ಊರಿಗೆ ನೇರ ದಾರಿಯಲ್ಲಿ ಹೋಗುವಾಗ, ಬರುವಾಗ ಆದ ಅಪಘಾತದ ಲೆಕ್ಕ ಬೇರೆ. ಟಿಕೆಟ್ಟು, ಪ್ರಯಾಣದ ವಾರಂಟು ಕಳೆಯಬೇಡಿ.

ವೈದ್ಯಕೀಯ ಕೆಟಗರಿ ಇಳಿದ ಮೇಲೆ ಯೂನಿಟ್‌ನ ಮಾತಿನ ಧಾಟಿಯೂ ಬದಲಾಗುತ್ತದೆ. ಷೇಪ್-1ರಲ್ಲಿ, ಅಂದರೆ ಪೂರ್ತಿ ಫಿಟ್ ಇದ್ದವನು ಎಲ್‌ಎಂಸಿ (ಕೆಳಗಿನ ವೈದ್ಯಕೀಯ ದರ್ಜೆ) ಆದ ಕೂಡಲೇ ಗಾರ್ಡ್ ಡ್ಯೂಟಿಗೆ ಒಂದು ತಲೆ ಕಡಿಮೆ. ಅವನು ಯೂನಿಟ್ ಲೆಕ್ಕದಲ್ಲಿ ಇರುವವರೆಗೆ ಅವನ ಜಾಗಕ್ಕೆ ಇನ್ನೊಬ್ಬ ಬರುವುದಿಲ್ಲ. ಕಂಪನಿಗೆ ಇದು ನಿಜವಾದ ತೊಂದರೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ತೊಂದರೆಯ ಸಿಟ್ಟು ತಿರುಗುವುದು ಕಾಲು ಎಳೆದುಕೊಂಡು ಓಡಾಡುವ ಹುಡುಗನ ಮೇಲೆ. 'ಕಾಮ್‌ಚೋರ್' ಅನ್ನುವ ಮಾತು ಬರುತ್ತದೆ, ರೀವ್ಯೂಗೆ ಆಸ್ಪತ್ರೆಗೆ ಕಳಿಸುವುದು ತಡವಾಗುತ್ತದೆ, ಭಾರ ಎತ್ತಬಾರದು ಎಂದು ಡಾಕ್ಟರ್ ಬರೆದಿದ್ದರೂ ಫಟೀಗ್‌ಗೆ, ಅಂದರೆ ಮೈಕೈ ದುಡಿಮೆಯ ಕೆಲಸಕ್ಕೆ, ಹೆಸರು ಬೀಳುತ್ತದೆ. ಹೀಗೆ ಬೇಸತ್ತವನ ಮುಂದೆ 'ಅನ್‌ವಿಲ್ಲಿಂಗ್', ಅಂದರೆ ಸೇವೆಯಲ್ಲಿ ಮುಂದುವರಿಯಲು ಇಷ್ಟವಿಲ್ಲ ಎಂಬ ಕಾಗದ ಇಡುತ್ತಾರೆ. ಸಹಿ ಮಾಡು, ಬೇಗ ಮನೆಗೆ ಹೋಗುತ್ತೀಯ ಅಂತ. ದಯವಿಟ್ಟು ಮಾಡಬೇಡಿ. ಹದಿನೈದು ವರ್ಷ ತುಂಬದೆ ಸ್ವಂತ ಇಚ್ಛೆಯಿಂದ ಹೋದರೆ ಮಾಮೂಲಿ ಸರ್ವಿಸ್ ಪೆನ್ಷನ್ ಇಲ್ಲ. ಮುಂದೆ ಅಂಗವೈಕಲ್ಯದ ಹಕ್ಕು ಕೇಳಿದಾಗಲೂ 'ಕಳಿಸಲಿಲ್ಲ, ತಾನೇ ಹೋದ' ಎಂಬ ವಾದಕ್ಕೆ ಅದೇ ಸಹಿ ಆಧಾರವಾಗುತ್ತದೆ. ಎಲ್‌ಎಂಸಿ ಆದವನಿಗೆ ಒಗ್ಗುವ ಹಗುರ ಕೆಲಸ, ಅಂದರೆ ಶೆಲ್ಟರ್ಡ್ ಅಪಾಯಿಂಟ್‌ಮೆಂಟ್, ಇದೆಯೋ ಇಲ್ಲವೋ ಎಂದು ಬರೆದುಕೊಡಬೇಕಾದ್ದು ಯೂನಿಟ್. ಇರಲು ಇಷ್ಟವಿದ್ದರೆ ಇಷ್ಟವಿದೆ ಎಂದೇ ಬರೆಯಿರಿ.

ಇನ್ನು ಎಎಫ್‌ಎಂಎಸ್‌ಎಫ್-16. ಬಿಡುಗಡೆಯ ಬೋರ್ಡ್ ನಡೆಯುವುದು ಈ ಫಾರ್ಮಿನ ಮೇಲೆ. ಇದರ ಮೊದಲ ಭಾಗ ನಿಮ್ಮ ಸ್ವಂತ ಹೇಳಿಕೆ. ಸೇರುವ ಮುಂಚೆ ಈ ತೊಂದರೆ ಇತ್ತೇ, ಸೇವೆಯಲ್ಲಿ ಯಾವ ಘಟನೆಯಿಂದ ಬಂತು ಅಥವಾ ಹೆಚ್ಚಾಯಿತು ಎಂದು ಅದರಲ್ಲಿ ಕೇಳುತ್ತಾರೆ. ಆಗುವುದೇನೆಂದರೆ, ಕ್ಲರ್ಕ್ ಇಂಗ್ಲಿಷಿನಲ್ಲಿ ತಾನೇ ತುಂಬಿ, ಸಹಿಯ ಜಾಗದಲ್ಲಿ ಪೆನ್ಸಿಲ್‌ನಿಂದ ಸಣ್ಣ ಗುಣಾಕಾರ ಗುರುತು ಹಾಕಿ ಕೊಡುತ್ತಾನೆ. ಘಟನೆಯ ಕಾಲಂನಲ್ಲಿ 'ನಿಲ್' ಅಂತ ಇರುತ್ತದೆ. ಹುಡುಗ ಗುರುತು ನೋಡಿ ಸಹಿ ಹಾಕುತ್ತಾನೆ. ತನ್ನ ಪೆಟ್ಟಿಗೆ ಕಾರಣವೇ ಇಲ್ಲ ಎಂದು ಅವನೇ ಬರೆದುಕೊಟ್ಟಂತಾಯಿತು. ಇಂಗ್ಲಿಷ್ ಬಾರದಿದ್ದರೆ ಓದಿ ಹೇಳುವವರನ್ನು ಕೇಳಿ, ಒಂದು ದಿನ ತಡವಾದರೂ ಚಿಂತೆಯಿಲ್ಲ. ಖಾಲಿ ಕಾಲಂ ಇರುವ ಹಾಳೆಗೆ ಸಹಿ ಬೇಡ.

ಕಾಯಿಲೆಗಳಲ್ಲಿ ಎರಡರ ಬಗ್ಗೆ ವಿಶೇಷವಾಗಿ ಹೇಳಬೇಕು. ಹೃದಯದ ತೊಂದರೆಯಾದರೆ, ಅದಕ್ಕೆ ಮುಂಚಿನ 14 ದಿನ ನೀವು ಯಾವ ಡ್ಯೂಟಿ ಮಾಡಿದಿರಿ ಎಂಬ ವಿವರವನ್ನು ಯೂನಿಟ್ ಕಳಿಸಬೇಕು. ರಾತ್ರಿ ಪಾಳಿ, ಪೆಟ್ರೋಲಿಂಗ್, ಎತ್ತರದ ಪೋಸ್ಟ್ ಎಲ್ಲ ಬಿಟ್ಟು 'ನಾರ್ಮಲ್ ಡ್ಯೂಟಿ' ಎಂದು ಒಂದು ಸಾಲು ಬಂದರೆ ಬೋರ್ಡಿಗೆ ಹಿಡಿಯಲು ಏನೂ ಉಳಿಯದು. ಮಾನಸಿಕ ಕಾಯಿಲೆಗೆ ಕಮಾಂಡಿಂಗ್ ಆಫೀಸರ್ ಬರೆಯುವ ಎಎಫ್‌ಎಂಎಸ್‌ಎಫ್-10 ವರದಿಯೇ ಮುಖ್ಯ. ಅದರಲ್ಲಿ 'ಮನೆಯ ಸಮಸ್ಯೆ' ಎಂದು ಬಂದರೆ, ಎರಡು ವರ್ಷ ಗಡಿಯಲ್ಲಿ ಕಳೆದದ್ದು ಎಲ್ಲೂ ಕಾಣದೆ ಹೋಗಬಹುದು. ಫೀಲ್ಡ್ ಪೋಸ್ಟಿಂಗ್‌ಗಳ ದಿನಾಂಕಗಳನ್ನು ನೀವೇ ಬರೆದು ಸೈಕಿಯಾಟ್ರಿಸ್ಟ್ ಕೈಗೆ ಕೊಡಿ, ಕೇಸ್ ಶೀಟಿಗೆ ಸೇರಿಸಿ ಎಂದು ಕೇಳಿ.

ಇಷ್ಟೆಲ್ಲ ಯಾಕೆ ಎಂದರೆ, ಆರು ವರ್ಷ ಸೇವೆ ಮಾಡಿದ, ಕೊನೆಯ ವೇತನ 40,000 ರೂಪಾಯಿ ಇದ್ದ ಜವಾನನ ಲೆಕ್ಕ ಹಾಕಿ. ಸೇವೆಗೆ ಸಂಬಂಧವಿದೆ, ಅಂಗವೈಕಲ್ಯ ಶೇ. 40 ಎಂದು ಬೋರ್ಡ್ ಔಟ್ ಆದರೆ ಪೆನ್ಷನ್ ಲೆಕ್ಕಕ್ಕೆ ಅದು ಶೇ. 50ಕ್ಕೆ ಏರುತ್ತದೆ. ಪೆನ್ಷನ್‌ಗೆ ಎರಡು ಭಾಗ. ಸರ್ವಿಸ್ ಎಲಿಮೆಂಟ್ ಅರ್ಧ ವೇತನ, 20,000. ಡಿಸೆಬಿಲಿಟಿ ಎಲಿಮೆಂಟ್ ಪೂರ್ತಿ ಅಂಗವೈಕಲ್ಯಕ್ಕೆ ವೇತನದ ಶೇ. 30, ಇಲ್ಲಿ ಅದರ ಅರ್ಧ, 6,000. ತಿಂಗಳಿಗೆ 26,000, ಮೇಲೆ ತುಟ್ಟಿಭತ್ಯೆ. ನಾನಾ ಬಿದ್ದರೆ ಹತ್ತು ವರ್ಷ ತುಂಬದವನಿಗೆ ಸಾಮಾನ್ಯವಾಗಿ ಒಂದು ಸಲದ ಗ್ರಾಚ್ಯುಯಿಟಿ ಮಾತ್ರ. ಹೊರಗಿನ ಕೆಲಸಕ್ಕೂ ಶಾಶ್ವತವಾಗಿ ಆಗದವರಿಗೆ 2020ರ ಆದೇಶದಿಂದ ಇನ್‌ವ್ಯಾಲಿಡ್ ಪೆನ್ಷನ್ ದಾರಿಯಿದೆ, ಬೋರ್ಡ್ ಅದನ್ನು ಬರೆದಿರಬೇಕು. ಶೇಕಡಾವಾರು 20ಕ್ಕಿಂತ ಕಡಿಮೆ ಬರೆದಿದ್ದರೆ ಅದನ್ನೂ ಪ್ರಶ್ನಿಸಿ. ಬೋರ್ಡ್ ಔಟ್ ಮಾಡುವಷ್ಟು ತೊಂದರೆ ಶೇ. 20ಕ್ಕಿಂತ ಹೆಚ್ಚೇ ಇರಬೇಕು ಎಂದು ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪನ್ನು ಎಲ್ಲರೂ ಹಿಡಿದುಕೊಂಡು ಬರುತ್ತಾರೆ. ಸೇರುವಾಗ ಕಾಯಿಲೆ ದಾಖಲಾಗಿಲ್ಲದಿದ್ದರೆ ಅದು ಸೇವೆಯಲ್ಲೇ ಬಂದದ್ದು ಎಂದು ಊಹಿಸಬೇಕು, ಅಲ್ಲ ಎನ್ನುವ ಬೋರ್ಡ್ ಕಾರಣ ಬರೆಯಬೇಕು ಎಂಬ ತೀರ್ಪು ಅದು. ಒಳ್ಳೆಯ ತೀರ್ಪೇ, ಆದರೆ ನಿಂತಿರುವುದು 1982ರ ಪೆನ್ಷನ್ ಅರ್ಹತಾ ನಿಯಮಗಳ ಮೇಲೆ. 2008ರಲ್ಲಿ ಒಮ್ಮೆ, 2023ರ ಸೆಪ್ಟೆಂಬರ್ 21ರಿಂದ ಮತ್ತೊಮ್ಮೆ ನಿಯಮ ಬದಲಾಗಿದೆ. ಅದೊಂದನ್ನೇ ನಂಬಿ ಕಾಗದ ಸೇರಿಸದೆ ಕೂರಬೇಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯೂ ಕೈಗೆ ಬರುವುದಿಲ್ಲ. ಸಶಸ್ತ್ರ ಪಡೆಗಳ ಯೋಧ (ಕಾಂಬಟೆಂಟ್) ಸಿಬ್ಬಂದಿಯನ್ನು 2021ರ ಅಧಿಸೂಚನೆಯಲ್ಲಿ ಅದರ ಉದ್ಯೋಗ ರಕ್ಷಣೆಯಿಂದ ಹೊರಗಿಟ್ಟಿದ್ದಾರೆ.

ಹೊರಬಂದಾಗಿದೆ, ಕೈಯಲ್ಲಿ ಏನೂ ಇಲ್ಲ ಅನ್ನುವವರು 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. ಬೋರ್ಡಿನ ಪೂರ್ತಿ ಪ್ರತಿ, ಇಂಜುರಿ ರಿಪೋರ್ಟ್, ಸೇರುವಾಗಿನ ವೈದ್ಯಕೀಯ ಪರೀಕ್ಷೆ, ಕೇಸ್ ಶೀಟ್, ಇವನ್ನೆಲ್ಲ ಹೆಸರಿಸಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಪೆನ್ಷನ್ ಇಲ್ಲ ಎಂದದ್ದರ ವಿರುದ್ಧ ಮೊದಲ ಮೇಲ್ಮನವಿಗೆ ತಿರಸ್ಕಾರ ಪತ್ರ ಸಿಕ್ಕ ದಿನದಿಂದ ಆರು ತಿಂಗಳು, ಎರಡನೆಯದಕ್ಕೂ ಅಷ್ಟೇ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ವರ್ಷಗಟ್ಟಲೆ ತಡವಾದರೂ ಹಕ್ಕು ಸಾಯುವುದಿಲ್ಲ, ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನಕ್ಕೆ ಹಿಂದಿನ ಮೂರು ವರ್ಷದ್ದಷ್ಟೇ ಸಿಗುತ್ತದೆ. ತಿರಸ್ಕಾರ ಪತ್ರ ಬಂದ ಲಕೋಟೆಯನ್ನೂ ಒಲೆಗೆ ಹಾಕಬೇಡಿ. ಪತ್ರ ಯಾವ ದಿನ ಕೈಸೇರಿತು ಎನ್ನುವುದಕ್ಕೆ ಅದರ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿ.