ಕ್ರಿಯೇಟಿನ್ ಮೊನೊಹೈಡ್ರೇಟ್ ಪುಡಿ: 12 ವಾರಗಳ ಬಳಕೆಯ ನಂತರ

ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು, 47ನೇ ವಯಸ್ಸಿನಲ್ಲಿ ಮೈಸೂರಿನ ನಮ್ಮ ಬಡಾವಣೆಯ ಜಿಮ್ ಸೇರಿದಾಗ ತರಬೇತುದಾರರು ಮೊದಲು ಸೂಚಿಸಿದ್ದು ಕ್ರಿಯೇಟಿನ್ ಮೊನೊಹೈಡ್ರೇಟ್ ಎಂಬ ಈ ಪುಡಿಯನ್ನು. 250 ಗ್ರಾಂ ಡಬ್ಬಿಗೆ ₹749 ಕೊಟ್ಟೆ. ದಿನಕ್ಕೆ 3 ಗ್ರಾಂ ಲೆಕ್ಕದಲ್ಲಿ ಅದು 12 ವಾರ ಬಂದಿತು, ಅಂದರೆ ದಿನಕ್ಕೆ ಸುಮಾರು ₹9. ಪರಿಮಳ, ಬಣ್ಣ ಸೇರಿಸದ ಮೊನೊಹೈಡ್ರೇಟ್ ಯಾವ ಡಬ್ಬಿಯಲ್ಲಿದ್ದರೂ ಅಣು ಒಂದೇ ಆದ್ದರಿಂದ ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಡಬ್ಬಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ 'ದಿನವಿಡೀ ಶಕ್ತಿ' ಎಂದು ಅಚ್ಚಾಗಿದೆ. ನನ್ನ ಮುಖ್ಯ ಆಕ್ಷೇಪ ಇರುವುದು ಈ ಮಾತಿಗೆ, ಪುಡಿಗಲ್ಲ. ನಮ್ಮ ಜೀವಕೋಶಗಳು ಖರ್ಚು ಮಾಡುವ ಶಕ್ತಿಯ ನಾಣ್ಯ ಎಟಿಪಿ ಎಂಬ ಅಣು. ಸ್ನಾಯು ಸಂಕುಚಿಸುವಾಗ ಅದರ ಮೂರು ಫಾಸ್ಫೇಟ್‌ಗಳಲ್ಲಿ ಒಂದು ಕಳಚಿ ಎಡಿಪಿ ಉಳಿಯುತ್ತದೆ. ಸ್ನಾಯುವಿನಲ್ಲಿ ಕೂಡಿಟ್ಟಿರುವ ಎಟಿಪಿ ಪೂರ್ಣ ಬಲದ ಕೆಲಸಕ್ಕೆ ಎರಡು ಮೂರು ಸೆಕೆಂಡಿಗಷ್ಟೇ ಸಾಕು. ಆಗ ಫಾಸ್ಫೋಕ್ರಿಯೇಟಿನ್, ಅಂದರೆ ಸ್ನಾಯುವಿನಲ್ಲಿ ಫಾಸ್ಫೇಟ್ ಅಂಟಿಸಿಕೊಂಡಿರುವ ಕ್ರಿಯೇಟಿನ್, ತನ್ನಲ್ಲಿರುವ ಫಾಸ್ಫೇಟನ್ನು ಎಡಿಪಿಗೆ ಕೊಟ್ಟು ಮತ್ತೆ ಎಟಿಪಿಯನ್ನಾಗಿ ಮಾಡುತ್ತದೆ, ಮತ್ತು ಈ ನೆರವು ಇನ್ನೊಂದು ಎಂಟು ಹತ್ತು ಸೆಕೆಂಡು ನಡೆಯುತ್ತದೆ. ಆನಂತರದ ಕೆಲಸವನ್ನು ಗ್ಲೂಕೋಸ್ ಒಡೆಯುವ ಕ್ರಿಯೆಯೂ, ಜೀವಕೋಶದೊಳಗೆ ಆಮ್ಲಜನಕ ಬಳಸಿ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಗಳೂ ವಹಿಸಿಕೊಳ್ಳುತ್ತವೆ. ಹಾಗಾಗಿ ಈ ಪುಡಿ ದೇಹಕ್ಕೆ ಹೊಸ ಶಕ್ತಿಯನ್ನು ತುಂಬುವುದಿಲ್ಲ; ಖರ್ಚಾದ ಎಟಿಪಿಯನ್ನು ಬೇಗ ಮರಳಿ ಕಟ್ಟುವ ದಾಸ್ತಾನನ್ನು ಸ್ವಲ್ಪ ಹಿಗ್ಗಿಸುತ್ತದೆ, ಅಷ್ಟೇ.

ಈ ಫಾಸ್ಫೋಕ್ರಿಯೇಟಿನ್‌ನ ಕಥೆಯನ್ನು ತರಗತಿಯಲ್ಲಿ ಹೇಳುವಾಗ ನನಗೆ ಪ್ರತಿವರ್ಷವೂ ಹೆಮ್ಮೆಯಾಗುತ್ತದೆ. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಅವರೊಂದಿಗೆ 1927ರಲ್ಲಿ ಅದನ್ನು ಗುರುತಿಸಿದರು. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಎಟಿಪಿಯನ್ನು ಕಂಡುಹಿಡಿದಾಗ, ಸುಬ್ಬರಾವ್ ಮತ್ತು ಫಿಸ್ಕೆ ಕೂಡ ಸ್ವತಂತ್ರವಾಗಿ ಅದನ್ನು ತಲುಪಿದ್ದರು. ಡಬ್ಬಿ ಮಾರುವವರಿಗೂ ಕೊಳ್ಳುವವರಿಗೂ ಈ ಹೆಸರು ತಿಳಿದಿಲ್ಲ ಎಂಬುದು ನಿಜವಾಗಿಯೂ ಬೇಸರದ ಸಂಗತಿ.

ಬಳಕೆಯ ಅನುಭವಕ್ಕೆ ಬರುತ್ತೇನೆ. ಪುಡಿಗೆ ರುಚಿಯಿಲ್ಲ, ವಾಸನೆಯೂ ಇಲ್ಲ. ಒಂದು ಲೋಟ ತಣ್ಣೀರಿಗೆ ಹಾಕಿ ಕಲಕಿದರೆ ಸಣ್ಣ ರವೆಯಂತಹ ಕಣಗಳು ಸ್ಟೀಲ್ ಲೋಟದ ತಳದಲ್ಲಿ ಕೂರುತ್ತವೆ, ಕೊನೆಯ ಗುಟುಕು ಹಲ್ಲಿಗೆ ಕರಕರ ಎನ್ನುತ್ತದೆ. ಇದು ಕಲಬೆರಕೆಯ ಲಕ್ಷಣವಲ್ಲ. ಕ್ರಿಯೇಟಿನ್ ತಣ್ಣೀರಿನಲ್ಲಿ ಕರಗುವುದೇ ಕಡಿಮೆ. ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಆದರೆ ಕಲಸಿಟ್ಟು ಗಂಟೆಗಟ್ಟಲೆ ಬಿಡದೆ ಆಗಲೇ ಕುಡಿಯಬೇಕು. ಡಬ್ಬಿಯೊಳಗಿನ ಚಮಚದ ಬಗ್ಗೆ ಮಾತ್ರ ದೂರಿದೆ: 3 ಗ್ರಾಂ ಎಂದು ಬರೆದಿರುವ ಅದರಲ್ಲಿ ಅಂಚಿಗೆ ಸಮ ಮಾಡಿ ತೂಗಿದಾಗ 2.6 ಗ್ರಾಂ, ಗೋಪುರದಂತೆ ತುಂಬಿದಾಗ 3.7 ಗ್ರಾಂ ಬಂದಿತು. ಚಿಕ್ಕ ತಕ್ಕಡಿ ಇದ್ದವರು ಅದನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಮೊದಲ ವಾರ ದಿನಕ್ಕೆ 20 ಗ್ರಾಂ ತೆಗೆದುಕೊಳ್ಳುವ ಪದ್ಧತಿಯನ್ನು ನಾನು ಅನುಸರಿಸಲಿಲ್ಲ. ದಿನಕ್ಕೆ 3 ಗ್ರಾಂ ಸೇವಿಸಿದರೂ ಸುಮಾರು ನಾಲ್ಕು ವಾರಗಳಲ್ಲಿ ಸ್ನಾಯುಗಳ ಕ್ರಿಯೇಟಿನ್ ದಾಸ್ತಾನು ತುಂಬಿಕೊಳ್ಳುತ್ತದೆ. ನನ್ನಲ್ಲಿಯೂ ಐದನೆಯ ವಾರದಿಂದ ವ್ಯತ್ಯಾಸ ಕಾಣಿಸಿತು; ಎಂಟು ಸಲ ಎತ್ತಿ ಸುಸ್ತಾಗುತ್ತಿದ್ದ ಅದೇ ಡಂಬಲ್ಲನ್ನು ಹತ್ತು ಸಲ ಎತ್ತಲು ಸಾಧ್ಯವಾಯಿತು. ನಿಯಮಿತ ವ್ಯಾಯಾಮದ ಪಾಲೂ ಇದರಲ್ಲಿ ಇದ್ದೇ ಇದೆ. ಮೊದಲ ತಿಂಗಳಲ್ಲಿ ತೂಕ 1 ಕಿಲೋ ಏರಿತು, ಏಕೆಂದರೆ ಕ್ರಿಯೇಟಿನ್ ತನ್ನೊಂದಿಗೆ ನೀರನ್ನೂ ಸ್ನಾಯುವಿನೊಳಕ್ಕೆ ಸೆಳೆಯುತ್ತದೆ. ಆದರೆ ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ನಂದಿಯ ಬಳಿ ತಲುಪುವಷ್ಟರಲ್ಲಿ ಹಿಂದಿನಷ್ಟೇ ಏದುಸಿರು ಬರುತ್ತದೆ, ಹಿಂದಿನಷ್ಟೇ ಹೊತ್ತು ಹಿಡಿಯುತ್ತದೆ. ಅರ್ಧ ಗಂಟೆಯ ಆ ಏರಿಕೆ ಮೈಟೊಕಾಂಡ್ರಿಯಗಳ ಕೆಲಸ. ಅಲ್ಲಿ ಹತ್ತು ಸೆಕೆಂಡಿನ ದಾಸ್ತಾನು ಎಷ್ಟು ಹಿಗ್ಗಿದರೂ ಪ್ರಯೋಜನ ಕಾಣುವುದಿಲ್ಲ.

ಶಾಕಾಹಾರಿಗಳಿಗೆ ಈ ಪುಡಿ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಆಹಾರದ ಕ್ರಿಯೇಟಿನ್ ಬರುವುದು ಮುಖ್ಯವಾಗಿ ಮಾಂಸ ಮತ್ತು ಮೀನಿನಿಂದ; ಮುದ್ದೆ, ಅನ್ನ, ಸಾರು, ಮೊಸರಿನಲ್ಲೇ ಬೆಳೆದ ನನ್ನಂಥವರು ಯಕೃತ್ತು ಮತ್ತು ಮೂತ್ರಪಿಂಡಗಳು ಅಮೈನೋ ಆಮ್ಲಗಳಿಂದ ತಯಾರಿಸುವ ದಿನಕ್ಕೆ ಸುಮಾರು 1 ಗ್ರಾಂ ಕ್ರಿಯೇಟಿನನ್ನೇ ಅವಲಂಬಿಸಿರುತ್ತೇವೆ.

ಒಂದು ಎಚ್ಚರಿಕೆಯನ್ನು ತಯಾರಕರು ಡಬ್ಬಿಯ ಮೇಲೆ ಬರೆಯಲೇಬೇಕಿತ್ತು. ವಾರ್ಷಿಕ ರಕ್ತಪರೀಕ್ಷೆಯಲ್ಲಿ, ಮೂತ್ರಪಿಂಡದ ಆರೋಗ್ಯ ಅಳೆಯಲು ನೋಡುವ ನನ್ನ ಕ್ರಿಯಾಟಿನಿನ್ ಮಟ್ಟ ತುಸು ಏರಿದ್ದನ್ನು ನೋಡಿ ಮನೆಯವರೆಲ್ಲ ಗಾಬರಿಯಾದರು. ಕ್ರಿಯೇಟಿನ್ ಒಡೆದಾಗ ಹುಟ್ಟುವುದೇ ಕ್ರಿಯಾಟಿನಿನ್, ಆದ್ದರಿಂದ ಮೂತ್ರಪಿಂಡ ಆರೋಗ್ಯವಾಗಿದ್ದರೂ ವರದಿಯ ಅಂಕಿ ಏರಬಹುದು. ಪುಡಿ ಸೇವಿಸುತ್ತಿರುವುದನ್ನು ತಿಳಿಸಿದಾಗ ವೈದ್ಯರು, ಕ್ರಿಯೇಟಿನ್‌ನಿಂದ ಏರುಪೇರಾಗದೆ ಮೂತ್ರಪಿಂಡದ ಕೆಲಸವನ್ನು ತೋರಿಸುವ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಮಾಡಿಸಿದರು. ಅದು ಸರಿಯಾಗಿಯೇ ಇತ್ತು. ರಕ್ತ ಕೊಡುವ ಮೊದಲೇ ಈ ವಿಷಯವನ್ನು ಹೇಳಿಬಿಟ್ಟರೆ ಅನಗತ್ಯ ಆತಂಕ ತಪ್ಪುತ್ತದೆ.

ಪುಡಿಗೆ ಐದರಲ್ಲಿ ನಾಲ್ಕು, ಡಬ್ಬಿಯ ಮೇಲಿನ ಬರಹಕ್ಕೆ ಒಂದು ಅಂಕ ಕೊಡುತ್ತೇನೆ. ಎರಡನೆಯ ಡಬ್ಬಿಯನ್ನು ತಂದಾಗಿದೆ. ಮಂಡಿ ಸೋತಿರುವ ಅಮ್ಮ ತಮಗೂ ಒಂದು ಚಮಚ ಕೊಡು ಎನ್ನುತ್ತಿದ್ದಾರೆ. ಅವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇರುವುದರಿಂದ, ಮೂತ್ರಪಿಂಡದ ವರದಿ ಕೈಗೆ ಬಂದು ವೈದ್ಯರು ಒಪ್ಪುವವರೆಗೆ ಡಬ್ಬಿಯನ್ನು ನನ್ನ ಬೀರುವಿನಲ್ಲೇ ಇಟ್ಟಿದ್ದೇನೆ.